ಗಂಟು ನೋಡಿದ ಕೂಡಲೇ ಹೆಸರು ಏಕೆ ಹೇಳುವುದಿಲ್ಲ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಚರ್ಮ ತೋರಿಸಲು ಬರುವ ಹರೆಯದವರಲ್ಲಿ ಕೆಲವರು ಎದೆಯ ಮೇಲೂ ಕಂಕುಳಲ್ಲೂ ಹರಡಿದ ಸಣ್ಣ ಗಂಟುಗಳನ್ನು ತೋರಿಸಿ, “ಡಾಕ್ಟ್ರೇ, ಇವು ಕೊಬ್ಬಿನ ಗಂಟುಗಳೇ ತಾನೆ? ಇಷ್ಟಕ್ಕೆ ಬಯಾಪ್ಸಿ ಏಕೆ?” ಎಂದು ಕೇಳುತ್ತಾರೆ.

ಇವು ಸಾಮಾನ್ಯವಾಗಿ ಕೊಬ್ಬಿನ ಗಂಟುಗಳಲ್ಲ. ಕೂದಲಿನ ಬುಡದ ರೋಮಕೂಪದಿಂದ ಹುಟ್ಟಿದ, ಅಪಾಯವಿಲ್ಲದ, ಒಳಗೆ ವಸ್ತು ತುಂಬಿದ ಚೀಲದಂಥ ಗಂಟುಗಳು, ಅಂದರೆ ಸಿಸ್ಟ್‌ಗಳು. ಹೊರಗಿನಿಂದ ಒಂದನ್ನೊಂದು ಹೋಲುವ ಇವುಗಳ ಜಾತಿಯನ್ನು ಖಚಿತವಾಗಿ ತಿಳಿಸುವುದು ಸಿಸ್ಟಿನ ಗೋಡೆ ಮತ್ತು ಅದರೊಳಗಿನ ವಸ್ತು. ಅವನ್ನು ನೋಡಲೆಂದು ಗಂಟನ್ನು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದೇ ಬಯಾಪ್ಸಿ.

ನೆತ್ತಿಯ ಮೇಲಿನ ಗಟ್ಟಿ ಗಂಟು ಹೆಚ್ಚಾಗಿ ಟ್ರೈಕಿಲೆಮ್ಮಲ್ ಸಿಸ್ಟ್. ನಡುವೆ ಕಪ್ಪು ಚುಕ್ಕಿಯಿದ್ದರೆ ಎಪಿಡರ್ಮಾಯ್ಡ್ ಸಿಸ್ಟ್ ಎಂದು ಊಹಿಸಬಹುದು. ನಿಜವಾದ ತೊಡಕಿರುವುದು ಹರೆಯದಲ್ಲಿ, ಎದೆಯ ಮೇಲೆ, ಹತ್ತಾರು ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವ ಎರಡು ಬಗೆಗಳಲ್ಲಿ. ಸ್ಟಿಯಾಟೋಸಿಸ್ಟೋಮಾ ಮಲ್ಟಿಪ್ಲೆಕ್ಸ್‌ನಲ್ಲಿ ಗೋಡೆ ತೆಳುವಾಗಿ ಅಲೆಅಲೆಯಾಗಿದ್ದು, ಅದಕ್ಕೆ ಅಂಟಿಕೊಂಡೇ ಎಣ್ಣೆಗ್ರಂಥಿಗಳಿರುತ್ತವೆ, ಚುಚ್ಚಿದರೆ ಎಣ್ಣೆಯಂಥ ದ್ರವ ಬರುತ್ತದೆ. 1977ರಲ್ಲಿ ಮೊದಲ ಬಾರಿಗೆ ವರದಿಯಾದ ಎರಪ್ಟಿವ್ ವೆಲ್ಲಸ್ ಹೇರ್ ಸಿಸ್ಟ್‌ನಲ್ಲಿ ಕೆರಾಟಿನ್‌ ಎಂಬ, ಚರ್ಮ-ಕೂದಲಿನ ಗಟ್ಟಿ ಪ್ರೋಟೀನಿನ ನಡುವೆ ನವಿರಾದ ಕೂದಲುಗಳು ಕಾಣುತ್ತವೆ. ಒಬ್ಬರ ಮೈಮೇಲೆಯೇ ಎರಡೂ ಇರುವುದುಂಟು. ಒಂದೇ ಸಿಸ್ಟಿನಲ್ಲಿ ಎರಡರ ಲಕ್ಷಣಗಳೂ ಸೇರಿರುವುದುಂಟು. ಆದ್ದರಿಂದ ಇವೆರಡೂ ಒಂದೇ ರೋಗದ ಎರಡು ತುದಿಗಳೆಂಬ ವಾದವಿದೆ, ನನಗೂ ಅದು ಒಪ್ಪಿಗೆಯೇ. ಅಂಥಲ್ಲಿ ಬಲವಂತವಾಗಿ ಒಂದೇ ಹೆಸರು ಹಚ್ಚುವುದಕ್ಕಿಂತ ಕಂಡದ್ದೆಲ್ಲವನ್ನೂ ವರದಿಯಲ್ಲಿ ಬರೆಯುವುದು ಪ್ರಾಮಾಣಿಕ ಕ್ರಮ.

ಪರೀಕ್ಷೆಗೆ ಯಾವ ಗಂಟನ್ನು ತೆಗೆಯುತ್ತೇವೆ ಎಂಬುದೂ ಮುಖ್ಯ. ಮನೆಯಲ್ಲಿ ಸೂಜಿ ಚುಚ್ಚಿ, ಹಿಂಡಿ, ಕೆಂಪೇರಿದ ಗಂಟಿನಲ್ಲಿ ಗೋಡೆ ಒಡೆದು ಉರಿಯೂತವಷ್ಟೇ ಉಳಿದಿರುತ್ತದೆ; ಮುಟ್ಟದೆ ಬಿಟ್ಟ ಗಂಟೊಂದನ್ನು ಇಡಿಯಾಗಿ ತೆಗೆದರೆ ಉತ್ತರ ಸಿಗುತ್ತದೆ. ದಯವಿಟ್ಟು ಹಿಂಡಬೇಡಿ.

ಹೆಸರು ತಿಳಿಯುವುದರಿಂದ ಮನೆಯವರಿಗೂ ಉಪಯೋಗವಿದೆ. ಕುಟುಂಬದಲ್ಲಿ ಹರಿದುಬರುವ ಸ್ಟಿಯಾಟೋಸಿಸ್ಟೋಮಾದಲ್ಲಿ ಕೆರಾಟಿನ್ 17ರ ಜೀನ್ ಬದಲಾಗಿರುತ್ತದೆ, ಮತ್ತು ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇದೇ ಜೀನ್‌ನ ದೋಷದಿಂದ ಉಗುರು ದಪ್ಪವಾಗುವ ಪ್ಯಾಕಿಯೋನೈಕಿಯಾವೂ ಬರುವುದರಿಂದ ನಾವು ಉಗುರುಗಳನ್ನು ನೋಡುತ್ತೇವೆ, ಆ ಕಾಯಿಲೆಯ ಇನ್ನೊಂದು ಸುಳಿವಾದ, ಹುಟ್ಟುವಾಗಲೇ ಹಲ್ಲಿತ್ತೇ ಎಂಬುದನ್ನು ತಾಯಿಯನ್ನು ಕೇಳುತ್ತೇವೆ. ಮೈನೆರೆಯುವ ಮೊದಲೇ ಮಗುವಿನಲ್ಲಿ ಹಲವು ಎಪಿಡರ್ಮಾಯ್ಡ್ ಸಿಸ್ಟ್‌ಗಳಿದ್ದರೆ ಗಾರ್ಡ್ನರ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಯ ಯೋಚನೆ ಬರಲೇಬೇಕು. ಅದರಲ್ಲಿ ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಡ್ಡೆಗಳು ಮುಂದೆ ಕ್ಯಾನ್ಸರ್ ಆಗುವುದರಿಂದ, ಆ ಮನೆಯಲ್ಲಿ ಕರುಳಿನ ಕಾಯಿಲೆ ಯಾರಿಗಿತ್ತೆಂದು ವಿಚಾರಿಸಿ ಮಗುವನ್ನು ಕರುಳಿನ ತಜ್ಞರ ಬಳಿ ಕಳಿಸುತ್ತೇವೆ.