ಉಪ್ಪಳದ ಒತ್ತಿಗೆ ಜಾಗ ಬಿಡಿ

ನಾನು ಕಾಸರಗೋಡಿನಲ್ಲಿ ಅಂಗಡಿಗಳ ಬೋರ್ಡು, ಲೋಗೋ, ಮದುವೆ ಕಾಗದ ಡಿಸೈನ್ ಮಾಡುತ್ತೇನೆ. ಹೊರಗಿನವರು ಯಾರೇ ಸಿಕ್ಕರೂ ಕೇಳುವುದು ಒಂದೇ: ‘ನಿಮ್ಮ ಡಿಸೈನು ಕನ್ನಡದ್ದಾ, ಕೇರಳದ್ದಾ? ಇದರಲ್ಲಿ ಭಾರತದ್ದು ಅನ್ನಿಸುವುದು ಏನಿದೆ?’

ಮಂಗಳೂರಿನಿಂದ ಬಂದವರಿಗೆ ಯಕ್ಷಗಾನದ ಕಿರೀಟ ಬೇಕು. ಕಣ್ಣೂರಿನ ಕಡೆಯವರಿಗೆ ಭೂತಕೋಲದಂಥ ತೆಯ್ಯಂನ ಮುಖ. ದೆಹಲಿಗೆ ಹೋಗುವ ಕೆಲಸವಾದರೆ ನವಿಲು, ಮೂರು ಬಣ್ಣ. ಎಲ್ಲವೂ ನಮ್ಮದೇ. ಯಕ್ಷಗಾನದ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆ ಸೀಮೆಯವನು. ತೆಯ್ಯಂ ನಮ್ಮ ಪಕ್ಕದ ತರವಾಡು ಮನೆಯಲ್ಲೇ, ಅಂದರೆ ಹಳೆಯ ಕುಟುಂಬದ ಮನೆಯಲ್ಲೇ ನಡೆಯುತ್ತದೆ. ಆದರೆ ಕಿರೀಟ ಅಂಟಿಸಿದ ಮಾತ್ರಕ್ಕೆ ಡಿಸೈನು ಒಂದು ಊರಿನದಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಕೇಳಿದವರಿಗೆ ನಾನು ಹೇಳುವುದು ಇಷ್ಟು: ಬೋರ್ಡಿನ ಎರಡನೇ ಸಾಲು, ಮಲಯಾಳಂ ಕೆಳಗಿನ ಕನ್ನಡ ಸಾಲು ನೋಡಿ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನನ್ನ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಮನೆಗೆ ಬರುವ ಕಾಗದ ಮಾತ್ರ ಮಲಯಾಳಂ. ಅವಳಂಥವರಿಗೆ ಎರಡನೇ ಸಾಲೇ ಇಡೀ ಬೋರ್ಡು.

ಕೆಲಸ ಶುರು ಮಾಡಿದ ಹೊಸತರಲ್ಲಿ ಉಪ್ಪಳದ ಒಂದು ಅಂಗಡಿಗೆ ಬೋರ್ಡು ಮಾಡಿದೆ. ಮೇಲೆ ಮಲಯಾಳಂ, ಕೆಳಗೆ ಕನ್ನಡ. ಎರಡಕ್ಕೂ ಒಂದೇ ಸೈಜು, ಒಂದೇ ಎತ್ತರದ ಪಟ್ಟಿ. ಸಮಾನ ಅಂದರೆ ಅಷ್ಟೇ ಅಂದುಕೊಂಡಿದ್ದೆ. ಫ್ರೇಮ್ ಹಾಕಿದಾಗ ಕೆಳಗಿನ ಒತ್ತು ತುಂಡಾಗಿ ‘ಉಪಳ’ ಆಯಿತು. ಒಬ್ಬರು ಅಜ್ಜ ಅದರ ಕೆಳಗೆ ನಿಂತು, ‘ನಮ್ಮ ಊರಿನ ಹೆಸರಿಗೆ ಜಾಗ ಸಾಕಾಗಲಿಲ್ವಾ ಮಗಾ?’ ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮಲಯಾಳಂನಲ್ಲಿ ಆ ಎರಡು ಪ ಅಕ್ಕಪಕ್ಕ ಅಂಟಿಕೊಳ್ಳುತ್ತವೆ. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ. ಮಂಜೇಶ್ವರದಲ್ಲೂ ಹಾಗೇ: ಮಲಯಾಳಂನ ವ ಒತ್ತು ಬಲಗಡೆ ನಿಲ್ಲುತ್ತದೆ, ನಮ್ಮದು ಕೆಳಗೆ. ಅದಕ್ಕೆ ಅಗಲ ಬೇಕು, ಇದಕ್ಕೆ ಕೆಳಗೆ ಜಾಗ ಬೇಕು. ಒಂದೇ ಅಳತೆ ಕೊಟ್ಟರೆ ಒಬ್ಬರಿಗೆ ಅನ್ಯಾಯ ಆಗಿಯೇ ಆಗುತ್ತದೆ. ಈಗ ನಾನು ಸೈಜಿನ ಅಂಕಿ ನೋಡುವುದಿಲ್ಲ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲುತ್ತೇನೆ. ಎರಡೂ ಸಾಲು ಒಟ್ಟಿಗೆ ಕಣ್ಣಿಗೆ ಬೀಳುವವರೆಗೆ ತಿದ್ದುತ್ತೇನೆ.

ಈ ಕೆಲಸಕ್ಕೆ ನನಗೆ ತುಂಬ ಇಷ್ಟವಾದ ಫಾಂಟ್ ಬಾಲೂ. ಮುಂಬೈಯ ಏಕ್ ಟೈಪ್‌ನವರು ಮಾಡಿದ್ದು, ಉಚಿತ. ಹೆಚ್ಚಿನ ಲಿಪಿಗಳಿಗೆ ಅಣ್ಣತಮ್ಮಂದಿರ ಹೆಸರು: ಕನ್ನಡಕ್ಕೆ ಬಾಲೂ ತಮ್ಮ, ಮಲಯಾಳಂಗೆ ಬಾಲೂ ಚೇಟ್ಟನ್, ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು. ದಪ್ಪ, ದುಂಡು ಎಲ್ಲರದ್ದೂ ಒಂದೇ. ಆದರೆ ಪ್ರತಿ ಲಿಪಿಯೂ ತನ್ನ ನಡಿಗೆ ಬಿಟ್ಟಿಲ್ಲ. ಭಾರತದ ಡಿಸೈನ್ ತೋರಿಸಿ ಅಂದವರಿಗೆ ನಾನು ಮೊದಲು ಇದನ್ನೇ ತೋರಿಸುತ್ತೇನೆ.

ಆಮೇಲೆ ಜೇಬಿನಿಂದ ನೋಟು ತೆಗೆಯುತ್ತೇನೆ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸಾಲು, ಹಾಗಾಗಿ ಕನ್ನಡ ನಾಲ್ಕನೆಯದು, ಮಲಯಾಳಂ ಏಳನೆಯದು. ಮುಂಭಾಗದಲ್ಲಿ ಹಿಂದಿ, ಇಂಗ್ಲಿಷ್ ದೊಡ್ಡದಾಗಿ ಕೂತಿರುವುದು ನನಗೆ ಸರಿ ಕಾಣುವುದಿಲ್ಲ. ಆದರೂ ಎಲ್ಲರಿಗೂ ಒಂದೊಂದು ಸಾಲು ಎಂಬ ಆ ಪುಟ್ಟ ಪಟ್ಟಿ ಯಾವ ನವಿಲಿಗಿಂತಲೂ ಜಾಸ್ತಿ ಭಾರತೀಯ. 2010ರಲ್ಲಿ ಬಂದ ರೂಪಾಯಿ ಚಿಹ್ನೆಯೂ ಚೆಂದವೇ. ಉದಯ ಕುಮಾರ್ ಅವರು ದೇವನಾಗರಿಯ ರ ಮತ್ತು ರೋಮನ್ ಆರ್ ಸೇರಿಸಿ ಮಾಡಿದ್ದು. ಕನ್ನಡದಲ್ಲಿ ಬೆಲೆ ಹಾಕುವಾಗ ನಾನು ಮಾತ್ರ ‘ರೂ.’ ಎಂದೇ ಬರೆಯುತ್ತೇನೆ.

ಆ ನೋಟಿನಲ್ಲಿ ತುಳುವಿಗೆ ಸಾಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಆಡುವ ಜನ ನಾವು, ಇದರಿಂದ ನೋವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನ 16ನೇ ಆವೃತ್ತಿಗೆ ಸೇರಿದಾಗ ನಿಜಕ್ಕೂ ಖುಷಿಪಟ್ಟೆ. ಮೊನ್ನೆ ಬದಿಯಡ್ಕದ ಒಂದು ಮನೆಯವರು ಮದುವೆ ಕಾಗದದ ತಲೆಯ ಮೇಲೆ ತುಳು ಲಿಪಿಯಲ್ಲಿ ಒಂದು ಸಾಲು ಕೇಳಿದರು. ಕೈಯಲ್ಲೇ ಬರೆದೆ. ವರ ನೀಲೇಶ್ವರದ ಕಡೆಯವನು. ಮಲಯಾಳಂ ಓದುವ ಅವನ ಮನೆಯವರು ಆ ಸಾಲಿನ ಕೆಲವು ಅಕ್ಷರ ಥಟ್ಟನೆ ಓದಿದರು, ತುಳು ಲಿಪಿ ಮತ್ತು ಮಲಯಾಳಂ ಎರಡೂ ಗ್ರಂಥ ಎಂಬ ಹಳೆಯ ಲಿಪಿಯಿಂದ ಬಂದವು ಅಲ್ವಾ. ಕೆಳಗೆ ಕನ್ನಡ, ಮಲಯಾಳಂ ಎರಡೂ ಬಂದವು. ಒತ್ತುಗಳಿಗೆ ಜಾಗ ಬಿಡಲು ಕಾಗದವನ್ನೇ ಅರ್ಧ ಇಂಚು ಉದ್ದ ಮಾಡಿದೆವು.