ಖಡಿ ರಸ್ತೆಗೆ ರೊಕ್ಕ ಕೊಟ್ಟ ಕಥೆ

ಹೊಸ ಸೈಕಲ್ ತಗೊಂಡ ದಿನ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ಅವ್ವ ಮೊದಲು ಕೇಳಿದ್ದು ರೇಟು. ಯೂರೋದಲ್ಲಿ ಹೇಳಿ ಪಾರಾಗೋಣ ಅಂದುಕೊಂಡೆ. ತಮ್ಮ ಪಕ್ಕದಲ್ಲೇ ಕೂತಿದ್ದ, ರೂಪಾಯಿ ಲೆಕ್ಕ ಹಾಕಿ ಹೇಳಿಯೇಬಿಟ್ಟ.

"ಗ್ರಾವೆಲ್ ಬೈಕ್ ಅಂತಾರವ್ವಾ," ಅಂದೆ. "ಡಾಂಬರ್ ಇರಲ್ದ ರಸ್ತಾ ಇರ್ತಾವಲ್ಲ, ಖಡಿ ಹಾಕಿದ್ದು, ಅದರ ಮ್ಯಾಲ ಹೊಡೀಲಾಕ."

"ಖಡಿ ರಸ್ತಾಕ ಇಷ್ಟ್ ರೊಕ್ಕಾ? ನಮ್ಮೂರ ರಸ್ತಾಕ ಡಾಂಬರ್ ಬೀಳ್ಲಿ ಅಂತ ನಿಮ್ಮಪ್ಪ ಎಷ್ಟ್ ಅರ್ಜಿ ಕೊಟ್ಟಾರ, ನೆನಪದನು? ನೀ ಅಲ್ಲಿ ಹೋಗಿ ಖಡಿ ಹುಡುಕ್ಲಾಕತ್ತೀ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಮಾತ್ರ ಫೋನಿಗೆ ಮುಖ ಹತ್ತಿರ ತಂದು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿದ ಹ್ಯಾಂಡಲ್, ದಪ್ಪ ಟೈರು, ಡಿಸ್ಕ್ ಬ್ರೇಕು. ಎಲ್ಲ ನೋಡಿ ಕೇಳಿದ್ದು ಒಂದೇ. "ಗಂಟಿ ಎಲ್ಲದ?"

ಗಂಟೆ ಡಬ್ಬಿಯಲ್ಲೇ ಇತ್ತು. ಹಾಕಿದರೆ ಚಂದ ಕಾಣಲ್ಲ ಅಂತ ನಾನೇ ಬಿಟ್ಟಿದ್ದೆ.

ನಾನಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಊರು ಮುಗಿದಲ್ಲೇ ಶ್ವಾರ್ಟ್ಸ್‌ವಾಲ್ಡ್ ಶುರುವಾಗುತ್ತೆ, ಅಂದರೆ ಕಪ್ಪು ಕಾಡು. ಊರು ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿದೆ. ಪಕ್ಕದ ಶೌಯಿನ್ಸ್‌ಲಾಂಡ್ ಬೆಟ್ಟ 1,284 ಮೀಟರ್. ಅಂದರೆ ಮನೆಯಿಂದ ಹೊರಟರೆ ಸಾವಿರ ಮೀಟರ್ ಏರು. ನಾನೋ ಕಲಬುರಗಿ ಜಿಲ್ಲೆಯ ಮಳಖೇಡದ ಹತ್ತಿರದ ಹಳ್ಳಿಯವಳು. ನಮ್ಮ ಕಡೆ ಏರು ಅಂದರೆ ಕಾಗಿಣಾ ಹೊಳೆ ದಂಡೆಯಿಂದ ಊರೊಳಗೆ ಬರುವ ದಿಬ್ಬ, ಅಷ್ಟೇ. ಅದನ್ನು ಹತ್ತಿದರೂ ಎಮ್ಮೆಗಳು ಒಂದು ಕಡೆ ನಿಂತು ಉಸಿರು ಬಿಡುತ್ತವೆ.

ಸೈಕಲ್ ಕಲಿತದ್ದು ಅಪ್ಪನ ಅಟ್ಲಾಸ್ ಮೇಲೆ. ಅವರು ಅದರಲ್ಲೇ ಮಳಖೇಡದ ಶಾಲೆಗೆ ಮಾಸ್ತರಿಕೆಗೆ ಹೋಗುತ್ತಿದ್ದರು. ಸೀಟು ನನ್ನ ಎದೆಮಟ್ಟಕ್ಕಿತ್ತು. ಸರಳಿನ ಒಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆಯುತ್ತ ಕಲಿತೆ. ಒಂಬತ್ತನೇ ಕ್ಲಾಸಿಗೆ ಬಂದಾಗ ನಿಲ್ಲಿಸಿಬಿಟ್ಟೆ. ಹುಡುಗಿ ದೊಡ್ಡವಳಾದಳು ಅನ್ನುವ ಕಾರಣ ಕಾಲು ಭಾಗ ಇರಬಹುದು. ಮುಕ್ಕಾಲು ಭಾಗ ಲಾರಿ. ಸೇಡಂ ರಸ್ತೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಣ್ಣದ ಕಲ್ಲಿನ ನಾಡು, ಸಿಮೆಂಟ್ ಟ್ಯಾಂಕರುಗಳ ಸಾಲು, ಬೇವಿನ ಎಲೆಯ ಮೇಲೂ ಬಿಳಿ ಧೂಳು. ಲಾರಿ ಹಾದು ಹೋಗುವಾಗ ಗಾಳಿ ಸೈಕಲ್ಲನ್ನು ಒಮ್ಮೆ ಹೊರಗೆ ತಳ್ಳಿ, ಮತ್ತೆ ಒಳಗೆ ಎಳೆಯುತ್ತಿತ್ತು. ಆ ಎಳೆತ ಇವತ್ತಿಗೂ ನನ್ನ ಮೊಣಕೈಗೆ ನೆನಪಿದೆ.

ಇಲ್ಲಿ ಮತ್ತೆ ಸೈಕಲ್ ಹತ್ತಿಸಿದ್ದು ಆಫೀಸಿನ ಗೆಳತಿ. ಮೊದಲ ಭಾನುವಾರ ಕಾಡಿನ ಬಾಯಿಗೆ ಕರೆದುಕೊಂಡು ಹೋದಳು. ರಸ್ತೆಗೆ ಅಡ್ಡ ಒಂದು ಕಬ್ಬಿಣದ ಗೇಟು, ಅದಕ್ಕೆ ಬೀಗ. ಮುಗಿಯಿತು, ವಾಪಸ್ ಹೋಗೋಣ ಅಂದುಕೊಂಡೆ. ಅವಳು ಗೇಟಿನ ಪಕ್ಕದ ಸಂದಿಯಲ್ಲಿ ಸೈಕಲ್ ತೂರಿಸಿಕೊಂಡು ಮುಂದೆ ಹೋದಳು! ಬೀಗ ಇರುವುದು ಕಾರಿಗೆ. ನಡೆಯುವವರಿಗೆ, ಸೈಕಲ್‌ನವರಿಗೆ ಸಂದಿ ಬಿಟ್ಟಿರುತ್ತಾರೆ. ಒಳಗೆ ಗಾಡಿ ತರಬೇಕಾದರೆ ಪರವಾನಗಿ ಬೇಕು.

ಈ ರಸ್ತೆಗಳನ್ನು ಸೈಕಲ್‌ನವರಿಗಾಗಿ ಮಾಡಿದ್ದಲ್ಲ. ಕಡಿದ ಮರ ಸಾಗಿಸಲು ಮಾಡಿದ್ದು. ಮರದ ದಿಮ್ಮಿ ಹೊತ್ತ ಲಾರಿ ಹತ್ತಬೇಕು ಅಂದರೆ ಏರು ತೀರಾ ಕಡಿದಾಗಿರುವ ಹಾಗಿಲ್ಲ, ತಿರುವು ಅಗಲ ಇರಬೇಕು, ಮಳೆನೀರು ನಿಲ್ಲಬಾರದು. ಹಾಗಾಗಿ ಖಡಿ ಒತ್ತಿ ಕೂರಿಸಿ, ಬದಿಗೆ ಕಾಲುವೆ ತೆಗೆದಿರುತ್ತಾರೆ. ಅದರ ಲಾಭ ನಮಗೆ. ಇನ್ನೊಂದು ನಿಯಮ ಇದೆ: ಈ ರಾಜ್ಯದ ಕಾಡಿನಲ್ಲಿ 2 ಮೀಟರ್‌ಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ ಹೊಡೆಯುವಂತಿಲ್ಲ. ಕಾಲುದಾರಿ ನಡೆಯುವವರದ್ದು. ಗುಡ್ಡದ ಕಾಲುದಾರಿಯಲ್ಲಿ ಜಿಗಿಯುವ ಹುಡುಗರಿಗೆ ಈ ನಿಯಮದ ಮೇಲೆ ಸಿಟ್ಟು. ನನಗೇನೂ ತೊಂದರೆ ಇಲ್ಲ. ಜಿಗಿಯುವ ವಯಸ್ಸೂ ಅಲ್ಲ, ಆಸೆಯೂ ಇಲ್ಲ.

ಆ ಮೊದಲ ದಿನದ ಒಂದು ಸಂಗತಿ ಹೇಳಲೇಬೇಕು. ಅರ್ಧ ಏರು ಹತ್ತಿದ್ದೆವು. ಹಿಂದಿನಿಂದ ಗೊರ್ ಅಂತ ಸದ್ದು. ಯೋಚಿಸುವ ಮೊದಲೇ ನನ್ನ ಕೈ ಹ್ಯಾಂಡಲ್ ಎಳೆದಿತ್ತು, ಸೈಕಲ್ ಕಾಲುವೆಯ ಅಂಚಿಗೆ ಹೋಗಿ ನಿಂತಿತ್ತು, ಒಂದು ಕಾಲು ನೆಲದ ಮೇಲೆ. ಲಾರಿ ಹೋಗಲಿ ಅಂತ ಕಾಯ್ದೆ. ಬರಲಿಲ್ಲ. ಗೆಳತಿ ಮುಂದೆ ಹೋದವಳು ತಿರುಗಿ ನೋಡಿದಳು. ಸದ್ದು ಹಾಗೇ ಇತ್ತು. ನೋಡಿದರೆ ತಿರುವಿನ ಕೆಳಗೆ ಹಳ್ಳ ಹರಿಯುತ್ತಿತ್ತು.

ಹಿಂದೆ ತಿರುಗಿ ನೋಡುವ ಚಟ ಬಿಡಲು ಒಂದು ಬೇಸಿಗೆ ಪೂರ್ತಿ ಬೇಕಾಯ್ತು. ಬಿಟ್ಟ ಮೇಲೆ ಬೇರೆ ಸದ್ದು ಕೇಳತೊಡಗಿದವು. ಟೈರಿನ ಕೆಳಗೆ ಖಡಿ ಚರಚರ ಅನ್ನುವುದು, ಏರಿನಲ್ಲಿ ನನ್ನದೇ ಏದುಸಿರು. ಅವ್ವನಿಗೆ ಇದನ್ನೆಲ್ಲ ಹೇಳಿದರೆ ಅವಳ ಚಿಂತೆಯೇ ಬೇರೆ. "ಯಾವ ಗಾಡೀನೂ ಬರಂಗಿಲ್ಲ ಅಂತೀ. ಬಿದ್ರ ನಿನ್ನ ಎತ್ತಾವ್ರು ಯಾರು?"

ಬಿದ್ದೆ ಕೂಡ. ಏರು ನನಗೆ ಬೇಗ ಬಂತು, ಇಳಿಯುವುದು ಬರಲಿಲ್ಲ. ಸಡಿಲ ಖಡಿಯ ತಿರುವಿನಲ್ಲಿ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುತ್ತೆ. ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು, ಆಮೇಲೆ ಬ್ರೇಕ್ ಬಿಟ್ಟು ತಿರುಗಬೇಕು. ಗೊತ್ತಿತ್ತು, ಆದರೂ ತಿರುವಿನಲ್ಲಿ ನಡೆದು ಬರುತ್ತಿದ್ದ ವಯಸ್ಸಾದ ಗಂಡ ಹೆಂಡತಿ ದಿಢೀರ್ ಕಂಡಾಗ ಹಿಡಿದುಬಿಟ್ಟೆ. ಮೊಣಕೈ ಕೆತ್ತಿಹೋಯಿತು. ಅಜ್ಜಿ ಚೀಲದಿಂದ ನೀರಿನ ಬಾಟಲಿ, ಪಟ್ಟಿ ತೆಗೆದು ಗಾಯ ತೊಳೆದರು. ಅಜ್ಜ ನನ್ನ ಸೈಕಲ್ ಎತ್ತಿ ನಿಲ್ಲಿಸಿದರು. ಹ್ಯಾಂಡಲ್ ಎಡಕ್ಕೆ ಬಲಕ್ಕೆ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು, ಗಂಟೆ ಎಲ್ಲಿದೆ?

ಇಲ್ಲಿ ಸೈಕಲ್‌ಗೆ ಗಂಟೆ ಇರಲೇಬೇಕು ಅಂತ ಕಾನೂನೇ ಇದೆ. ನನಗೆ ಕಾನೂನಿಗಿಂತ ಜಾಸ್ತಿ ಅಪ್ಪನ ಮುಖ ನೆನಪಾಯಿತು.

ತಿಂಡಿ ವಿಷಯ ಹೇಳದೆ ಬಿಟ್ಟರೆ ಅವ್ವ ಸುಮ್ಮನಿರಲ್ಲ. ಊರಿಂದ ಬಂದ ಕಡಕ್ ರೊಟ್ಟಿ ಒಮ್ಮೆ ಬೆನ್ನಿನ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಬೆಟ್ಟದ ತುದಿಯಲ್ಲಿ ಗಾಳಿಗೆ ಒಂದೇ ಕಡೆ ಬಾಗಿ ನಿಂತ ಬೀಚ್ ಅನ್ನುವ ಜಾತಿಯ ಮರಗಳಿವೆ, ಆಕಾಶ ತಿಳಿಯಾಗಿದ್ದರೆ ದೂರಕ್ಕೆ ಆಲ್ಪ್ಸ್ ಕಾಣುತ್ತೆ. ಅಲ್ಲಿ ಕೂತು ಪೊಟ್ಟಣ ಬಿಚ್ಚಿದೆ. ರೊಟ್ಟಿ ಇರಲಿಲ್ಲ, ಜೋಳದ ನುಚ್ಚು ಇತ್ತು. ಖಡಿ ರಸ್ತೆಯ ಕುಲುಕಾಟಕ್ಕೆ ಅಷ್ಟು ಚೆನ್ನಾಗಿ ಪುಡಿಯಾಗಿತ್ತು. ಶೇಂಗಾ ಹಿಂಡಿ ಕಲಸಿ ಅದನ್ನೇ ಮುಕ್ಕಿದೆ. ಈಗ ಶೇಂಗಾ ಹೋಳಿಗೆ ಒಯ್ಯುತ್ತೇನೆ. ಅದು ಒಡೆಯಲ್ಲ, ಕೆಡಲ್ಲ, ಅರ್ಧ ತಿಂದರೆ ಹತ್ತು ಕಿಲೋಮೀಟರ್ ಹೋಗಬಹುದು.

ಎಲ್ಲ ದಿನವೂ ಖಾಲಿ ಇರುತ್ತೆ ಅಂತಲೂ ಅಲ್ಲ. ವಾರದ ದಿನಗಳಲ್ಲಿ ದಿಮ್ಮಿ ಲಾರಿ ಬರಬಹುದು. ಮರ ಕಡಿಯುವಾಗ ದಾರಿಗೆ ಅಡ್ಡ ಪಟ್ಟಿ ಕಟ್ಟಿ, ಜೀವಕ್ಕೆ ಅಪಾಯ ಅಂತ ಬೋರ್ಡ್ ಹಾಕಿರುತ್ತಾರೆ. ಬಂದ ದಾರಿಯಲ್ಲೇ ವಾಪಸ್. ಒಮ್ಮೆ ಹತ್ತು ಕಿಲೋಮೀಟರ್ ಹತ್ತಿ ಹೀಗೆ ತಿರುಗಿ ಬಂದಿದ್ದೇನೆ. ಬೈದುಕೊಂಡೇ ಬಂದೆ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಕಾಕಾನ ಮಗನ ಗೇರ್ ಸೈಕಲ್ ಇಸಿದುಕೊಂಡೆ. ಡಾಂಬರ್ ರಸ್ತೆಗೆ ಹೋಗಲಿಲ್ಲ. ಹೊಲದ ನಡುವಿನ ಬಂಡಿ ದಾರಿ ಹಿಡಿದೆ. ಎರಡು ಕಡೆ ತೊಗರಿ ಒಣಗಿ ನಿಂತಿತ್ತು. ಚಕ್ರದ ಗುರುತಿನ ಎರಡು ಗೆರೆ, ನಡುವೆ ಹುಲ್ಲು, ಒಂದೂ ಲಾರಿ ಇಲ್ಲ. ಇಷ್ಟು ವರ್ಷ ಇದು ಇಲ್ಲೇ ಇತ್ತಲ್ಲ ಅನಿಸಿತು. ಹಾಗಂತ ಹೊಗಳಿಬಿಡುವ ಹಾಗೂ ಇಲ್ಲ. ಎರೆ ಮಣ್ಣಿನ ದಾರಿ, ಮಳೆ ಬಿದ್ದರೆ ನಡೆಯಲೂ ಆಗಲ್ಲ, ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು. ಡಾಂಬರಿಗೆ ಅಪ್ಪ ಅರ್ಜಿ ಕೊಟ್ಟದ್ದು ಸುಮ್ನೆ ಅಲ್ಲ. ಒಣಗಿದಾಗ ಜಾಲಿ ಮುಳ್ಳು. ಒಂದು ಮುಂಜಾನೆಗೆ ಮೂರು ಪಂಕ್ಚರ್. ಜರ್ಮನಿಯಲ್ಲಿರುವ ನನ್ನ ಸೈಕಲ್ಲಿನ ಟೈರಿನೊಳಗೆ ಟ್ಯೂಬ್ ಇಲ್ಲ, ಎಕ್ಕೆ ಗಿಡದ ಹಾಲಿನಂಥ ಬಿಳಿ ದ್ರವ ಇರುತ್ತೆ, ಸಣ್ಣ ತೂತನ್ನು ತಾನೇ ಮುಚ್ಚುತ್ತೆ. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನನ್ನನ್ನು ನೋಡಿ, ಕಳೆ ಕೀಳುತ್ತಿದ್ದ ಅತ್ತಿ ಒಬ್ಬಳು ಕೂಗಿದಳು. "ಜರ್ಮನಿಗಿ ಹೋಗಿ ಸೈಕಲ್ ನೂಕೋದು ಕಲ್ತು ಬಂದೀ ಏನವಾ?"

ಚಿಂಚೋಳಿ ಕಾಡಿನ ಕಡೆ ಹೋಗುವ ಆಸೆಯೂ ಇತ್ತು. ಅಲ್ಲಿ ಗುಡ್ಡ ಇದೆ, ಕೆಂಪು ಮಣ್ಣಿದೆ, ಚಂದ್ರಂಪಳ್ಳಿ ಕೆರೆ ಇದೆ. ಕಲಬುರಗಿ ಅಂದರೆ ಬರೀ ಬಿಸಿಲು ಅನ್ನುವವರು ಒಮ್ಮೆ ನೋಡಬೇಕು. ಈ ಸಲ ಮದುವೆಗಳ ಗದ್ದಲದಲ್ಲಿ ಆಗಲಿಲ್ಲ.

ಹೊರಡುವ ದಿನ ಅಪ್ಪ ಒಂದು ಹಳೆ ಟವೆಲ್ಲಿನ ಗಂಟು ಕೊಟ್ಟರು. ಬಿಚ್ಚಿದರೆ ಅಟ್ಲಾಸ್ ಸೈಕಲ್ಲಿನ ಗಂಟೆ. ತುಕ್ಕು ಉಜ್ಜಿ ಉಜ್ಜಿ ಹೊಳೆಯುವ ಹಾಗೆ ಮಾಡಿದ್ದರು. ಇಲ್ಲಿ ಬಂದು ನೋಡಿದರೆ ಅದರ ಪಟ್ಟಿ ನನ್ನ ಹ್ಯಾಂಡಲ್ಲಿನ ದಪ್ಪಕ್ಕೆ ಸಾಲಲಿಲ್ಲ. ಪೈಪಿಗೆ ಬಿಗಿಯುವ ಕ್ಲಿಪ್ ತಂದು, ಕೆಳಗೆ ಹಳೆ ಟ್ಯೂಬಿನ ತುಂಡು ಕೊಟ್ಟು ಕೂರಿಸಿದೆ. ನೋಡಲು ಚಂದ ಇಲ್ಲ. ಸದ್ದು ಮಾತ್ರ ಎರಡು ತಿರುವು ಆಚೆಗೆ ಕೇಳುತ್ತೆ.

ಮೊದಲ ಸಲ ಫೋನಿನಲ್ಲಿ ಬಾರಿಸಿ ಕೇಳಿಸಿದಾಗ ಅಪ್ಪ ಕಿವಿಕೊಟ್ಟು ಕೇಳಿ, "ಒಳಗ ಕಚ್ಚಲಾಕತ್ತದ. ಎರಡು ಹನಿ ಕೊಬ್ರಿ ಎಣ್ಣಿ ಬಿಡು," ಅಂದರು. ಬಿಟ್ಟೆ. ಮಾರನೆಯ ಭಾನುವಾರ ಬೆಳಗ್ಗೆ ಚಳಿ ಇತ್ತು. ಕಾಡಿನ ಮೊದಲ ತಿರುವಿನಲ್ಲಿ ನಾಯಿ ಕರೆದುಕೊಂಡು ಬರುತ್ತಿದ್ದವರು ಕಂಡರು, ಗಂಟೆ ಒತ್ತಿದೆ. ಟಕ್ ಅಂತಷ್ಟೇ ಅಂದಿತು. ಒಳಗೆ ಎಣ್ಣೆ ಹೆಪ್ಪುಗಟ್ಟಿ ಕೂತಿತ್ತು. ಬ್ರೇಕ್ ಹಿಡಿದು ನಿಂತು, ಗಂಟೆಯನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಬಿಸಿ ಮಾಡತೊಡಗಿದೆ. ನಾಯಿ ಬಂದು ನನ್ನ ಜೇಬಿನ ಹೋಳಿಗೆ ಮೂಸಿತು.