ನೂಲು ಮತ್ತು ಗಾಳಿ

2024ರ ಆಗಸ್ಟ್ 22, ಗುರುವಾರ. ನಸುಕಿನ ಮೂರು ಗಂಟೆ.

ತಂಗಿಯನ್ನು ಚಾಂಗಿ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದು ಮಲಗಿದರೆ ನಿದ್ದೆ ಹತ್ತಲೇ ಇಲ್ಲ. ಹಾಲ್‌ಗೆ ಬಂದರೆ ಅಮ್ಮನೂ ಎದ್ದು ಕೂತಿದ್ದಾಳೆ, ಕೈಯಲ್ಲಿ ನನ್ನ ಫೋನು. ಪರದೆಯ ಮೇಲಿನ ಪುಟ್ಟ ವಿಮಾನ ಫಿಲಿಪ್ಪೀನ್ಸ್ ದಾಟುತ್ತಿತ್ತು.

"ಹನ್ನೆರಡಕ್ಕೆ ಹೊರಟಳು, ಆರೂವರೆಗೆ ಇಳೀತಾಳೆ ಅಂತಿದೆ. ಇನ್ನು ಮೂರೂವರೆ ಗಂಟೆ ತಾನೇ?"

"ಅದು ನ್ಯೂಯಾರ್ಕಿನ ಆರೂವರೆ ಅಮ್ಮ. ಆಗ ಇಲ್ಲಿ ಸಂಜೆ ಆರೂವರೆ."

ಸಿಂಗಾಪುರಕ್ಕಿಂತ ಅಲ್ಲಿನ ಗಡಿಯಾರ ಈಗ 12 ಗಂಟೆ ಹಿಂದೆ, ಚಳಿಗಾಲದಲ್ಲಿ 13. ನಡುವೆ ಎಲ್ಲೂ ಇಳಿಯದೆ ಹದಿನೆಂಟೂವರೆ ಗಂಟೆ. ಅಷ್ಟು ಹೊತ್ತು ಒಬ್ಬನೇ ಓಡಿಸ್ತಾನಾ ಅಂದಳು. ನಾಲ್ವರು ಪೈಲಟ್‌ಗಳು, ಸರದಿಯಲ್ಲಿ ಮಲಗ್ತಾರೆ ಅಂದೆ. ಇಂಧನ? ಬಹುದೂರದ ಹಾರಾಟಕ್ಕೆಂದೇ ಮಾಡಿದ ಈ ಎ350-900 ಯುಎಲ್‌ಆರ್ ವಿಮಾನ ಒಂದೇ ಹಾರಾಟಕ್ಕೆ 18,000 ಕಿ.ಮೀ. ಹೋಗಬಲ್ಲದು ಅಂದ ಮೇಲೆ ಸ್ವಲ್ಪ ಸಮಾಧಾನ ಆಯ್ತು.

ಆಮೇಲೆ ಮಗಳ ಗ್ಲೋಬ್ ತಂದೆ. ಅಮ್ಮನ ಹೊಲಿಗೆ ಡಬ್ಬಿಯ ಕೆಂಪು ನೂಲನ್ನು ಎರಡು ಊರಿಗೂ ಹಿಡಿದು ಬಿಗಿಯಾಗಿ ಎಳೆದರೆ ಅದು ಜಾರಿ ಜಾರಿ ಉತ್ತರ ಧ್ರುವದ ಪಕ್ಕಕ್ಕೇ ಹೋಗಿ ನಿಂತಿತು! ಒಂದು ಊರು 104 ಡಿಗ್ರಿ ಪೂರ್ವ, ಇನ್ನೊಂದು 74 ಪಶ್ಚಿಮ. ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲು. ನೂಲಿನ ಲೆಕ್ಕದಲ್ಲಿ ಸುಮಾರು 15,300 ಕಿ.ಮೀ.

"ಮತ್ತೆ ಫೋನಲ್ಲಿ ಈ ವಿಮಾನ ಯಾಕೋ ಜಪಾನ್ ಕಡೆ ತಿರುಗಿದೆ?"

ಎಷ್ಟು ಚೆನ್ನಾಗಿ ಕೇಳಿದಳು! ಅದು ಗಾಳಿಗಾಗಿ. ಹತ್ತು-ಹನ್ನೆರಡು ಕಿ.ಮೀ. ಮೇಲೆ ಪೆಸಿಫಿಕ್ಕಿನುದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಬೀಸುತ್ತೆ, ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಮೀರಿ. ಬೆನ್ನಿಗೆ ಅದು ಸಿಕ್ಕರೆ ದಾರಿ ಉದ್ದವಾದರೂ ಹೊತ್ತು ಉಳಿಯುತ್ತೆ. ಈ ವಿಷಯ ಹೇಳುವಾಗ ನನಗೆ ಎಷ್ಟು ಖುಷಿ ಆಗುತ್ತಿತ್ತೆಂದರೆ, ಅಮ್ಮ ಗ್ಲೋಬ್ ನೋಡುವುದನ್ನು ಬಿಟ್ಟಿದ್ದು ಗಮನಕ್ಕೇ ಬರಲಿಲ್ಲ.

"ವಾಪಸ್ ಬರೋಕೆ?"

ಅಲ್ಲಿ ಸೋಮವಾರ ರಾತ್ರಿ ಹತ್ತೂವರೆಗೆ ಹತ್ತಿದರೆ ಇಲ್ಲಿ ಬುಧವಾರ ನಸುಕಿಗೆ ಇಳೀತಾಳೆ ಅಂದೆ.

"ಮಂಗಳವಾರ?"

"ಆಕಾಶದಲ್ಲೇ."

ಅಮ್ಮ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅಂದ್ರೆ ನನಗೇನಾದ್ರೂ ಆದ್ರೆ ಒಂದು ದಿನದಲ್ಲಿ ಬರೋಕಾಗಲ್ಲ" ಅಂದಳು. ಹಾಗೆಲ್ಲ ಮಾತಾಡಬೇಡ ಅಂದೆ. ಟಿಕೆಟ್ ಸಿಗಬೇಕು, ವಿಮಾನ ಯಾವ ಹೊತ್ತಿಗಿದೆಯೋ ಅಲ್ಲಿವರೆಗೆ ಕಾಯಬೇಕು, ಆಮೇಲೆ ಈ ಹದಿನೆಂಟೂ ಚಿಲ್ಲರೆ ಗಂಟೆ... ಲೆಕ್ಕ ಅವಳಿಗೂ ಗೊತ್ತು.

ಮುಂದಿನ ವಾರ ಅಮ್ಮನ ಎಕೋ, ಅಂದರೆ ಹೃದಯದ ಸ್ಕ್ಯಾನ್ ಇದೆ. ವರದಿ ಬರೋವರೆಗೆ ತಂಗಿಗೆ ಹೇಳೋದು ಬೇಡ ಅಂತ ಅಮ್ಮ ನನ್ನಿಂದ ಮಾತು ತಗೊಂಡಿದ್ದಾಳೆ. ಹೊಸ ಕೆಲಸ, ಹೋಗೋ ಹುಡುಗಿಯನ್ನು ತಡೀಬಾರದು ಅಂತ. ಆಗ ಹೂಂ ಅಂದಿದ್ದೆ. ಆದರೆ ಅವಳು ಇಳಿದ ತಕ್ಷಣ ಫೋನ್ ಮಾಡ್ತಾಳೆ, ಅಮ್ಮ ಹೇಗಿದ್ದಾಳೆ ಅಂತಲೇ ಮೊದಲು ಕೇಳ್ತಾಳೆ, ಆಗ ನಾನು